ಶೇ. 20ರ ಸೌರ ಫಲಕಕ್ಕಿಂತ ಶೇ. 35ರ ಕಲ್ಲಿದ್ದಲು ಸ್ಥಾವರ ಮೇಲೇ?

ಪ್ರಶ್ನೆ (ಮೆಕ್ಯಾನಿಕಲ್, ಆರನೇ ಸೆಮಿಸ್ಟರ್):
ಸೆಮಿನಾರಿಗಾಗಿ ಒಂದು ಕೋಷ್ಟಕ ಸಿದ್ಧಪಡಿಸಿದ್ದೇನೆ. ಅದರಲ್ಲಿ ಶರಾವತಿಯಂಥ ಜಲವಿದ್ಯುತ್ ಕೇಂದ್ರದ ದಕ್ಷತೆ ಸುಮಾರು ಶೇ. 90, ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರದ್ದು ಶೇ. 35, ಸಿಲಿಕಾನ್ ಸೌರ ಫಲಕದ್ದು ಶೇ. 20. ಹಾಗಾದರೆ ಸೌರಶಕ್ತಿಗಿಂತ ಕಲ್ಲಿದ್ದಲೇ ಉತ್ತಮವೆಂದು ತೀರ್ಮಾನಿಸಬಹುದೇ? ಉಗಿ 540 ಡಿಗ್ರಿ, ಉಗಿ ಮತ್ತೆ ನೀರಾಗುವ ಕಂಡೆನ್ಸರ್ 40 ಡಿಗ್ರಿ ಸೆಲ್ಸಿಯಸ್ ಇದ್ದರೆ, ಗರಿಷ್ಠ ಸಾಧ್ಯ ದಕ್ಷತೆಯನ್ನು ಹೇಳುವ ಕಾರ್ನೋ ಸೂತ್ರ ಶೇ. 61 ಕೊಡುತ್ತದೆ, ಉಳಿದದ್ದು ಎಲ್ಲಿ ಹೋಗುತ್ತದೆ?

ಉತ್ತರ 1 (ನಿವೃತ್ತ ಬಾಯ್ಲರ್ ಎಂಜಿನಿಯರ್):
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಶಾಖವೆಲ್ಲವೂ 540 ಡಿಗ್ರಿಯಲ್ಲೇ ಸೇರುತ್ತದೆಂದು ಆ ಸೂತ್ರ ಭಾವಿಸುತ್ತದೆ. ಆದರೆ ಬಾಯ್ಲರಿನಲ್ಲಿ ನೀರು ಮೊದಲು ಕಾದು, 150 ಬಾರ್ ಒತ್ತಡದಲ್ಲಿ ಸುಮಾರು 340 ಡಿಗ್ರಿಗೆ ಕುದಿದು, ಕಟ್ಟಕಡೆಗೆ ಮಾತ್ರ ಆ ಉಷ್ಣತೆಯನ್ನು ಮುಟ್ಟುವುದರಿಂದ ಶಾಖ ಸೇರುವ ಸರಾಸರಿ ಉಷ್ಣತೆ ಬಹಳ ಕೆಳಗಿರುತ್ತದೆ. ಇದರ ಮೇಲೆ ಚಿಮಣಿಯ ಬಿಸಿ ಅನಿಲ, ಟರ್ಬೈನಿನ ಒಳನಷ್ಟ, ಜೊತೆಗೆ ಬಾಯ್ಲರಿಗೆ ನೀರೊತ್ತುವ ಫೀಡ್ ಪಂಪು, ಕಲ್ಲಿದ್ದಲು ಮಿಲ್ಲು, ಫ್ಯಾನುಗಳೇ ತಿನ್ನುವ ಶೇ. 8ರಷ್ಟು ವಿದ್ಯುತ್ತು. ಸ್ಥಾವರದಲ್ಲಿ ನಾವು ದಕ್ಷತೆ ಎನ್ನುವುದಕ್ಕಿಂತ ಹೀಟ್ ರೇಟ್ ಎನ್ನುವುದೇ ಹೆಚ್ಚು: ಒಂದು ಯೂನಿಟ್ಟಿಗೆ 2,450 ಕಿಲೋಕ್ಯಾಲರಿ ಬೇಕಾದರೆ, ಒಂದು ಯೂನಿಟ್ಟಿಗೆ ಸಮನಾದ 860 ಕಿಲೋಕ್ಯಾಲರಿಯನ್ನು ಅದರಿಂದ ಭಾಗಿಸಿ, ನಿಮ್ಮ ಶೇ. 35 ಬರುತ್ತದೆ.

ಉತ್ತರ 2 (ಎಲೆಕ್ಟ್ರಿಕಲ್ ವಿಭಾಗದ ಅಧ್ಯಾಪಕಿ):
ಕೋಷ್ಟಕದ ದೋಷ ಛೇದದಲ್ಲಿದೆ, ಅಂದರೆ ಯಾವುದರಲ್ಲಿ ಶೇಕಡಾ ಎಷ್ಟು ಎಂಬುದರಲ್ಲಿ. ರಾಯಚೂರಿಗೆ ರೈಲಿನಲ್ಲಿ ಬರುವ ಕಲ್ಲಿದ್ದಲಿಗೆ ಹಣ ಕೊಡಬೇಕು; ಪಾವಗಡದ ಬಿಸಿಲಿಗೆ ಕೊಡಬೇಕಿಲ್ಲ. ಆದ್ದರಿಂದ ಫಲಕದ ಕಡಿಮೆ ದಕ್ಷತೆ ಇಂಧನವನ್ನಲ್ಲ, ಜಮೀನನ್ನು ಹೆಚ್ಚು ಬೇಡುತ್ತದೆ. ಅಲ್ಲಿನ 2,000 ಮೆಗಾವ್ಯಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾದದ್ದು ಹಾಗೆ. ಒಂದೇ ಪದರದ ಸಿಲಿಕಾನ್ ಕೋಶಕ್ಕೆ ಶೇ. 33ರ ಆಸುಪಾಸಿನಲ್ಲಿ ಸೈದ್ಧಾಂತಿಕ ಮಿತಿ ಇರುವುದರಿಂದ ಶೇ. 20 ಅಷ್ಟೇನೂ ಕಳಪೆಯಲ್ಲ. ಆದರೆ ಆ ಅಂಕಿ 25 ಡಿಗ್ರಿ ಕೋಶಕ್ಕೆ ಸಂಬಂಧಿಸಿದ್ದು. ಕೋಶ 60 ಡಿಗ್ರಿಗೆ ಕಾದಾಗ, ಡಿಗ್ರಿಗೆ ಶೇ. 0.4ರಂತೆ ಉತ್ಪಾದನೆಯಲ್ಲಿ ಶೇ. 14 ಇಳಿಯುತ್ತದೆ.

ಉತ್ತರ 3 (ಜಲವಿದ್ಯುತ್ ವಿಭಾಗ):
ಶರಾವತಿಯ ನಿಜವಾದ ಬೆಲೆ ಶೇ. 90ರಲ್ಲಿಲ್ಲ, ಲಿಂಗನಮಕ್ಕಿ ಜಲಾಶಯದ ನೀರು ಕಾಯಬಲ್ಲದು ಎಂಬುದರಲ್ಲಿದೆ. ಸುಮಾರು 440 ಮೀಟರ್ ಎತ್ತರದಿಂದ ಸೆಕೆಂಡಿಗೆ ಒಂದು ಘನ ಮೀಟರ್ ನೀರು ಬಿಟ್ಟರೆ 3.9 ಮೆಗಾವ್ಯಾಟ್ ಸಿಗುತ್ತದೆ, ಅದೂ ಪಾವಗಡ ಮಂಕಾಗುವ ಸಂಜೆಗೆ ಸರಿಯಾಗಿ. ಕೋಷ್ಟಕಕ್ಕೆ "ಸಂಜೆ 7ಕ್ಕೆ ಎಷ್ಟು?" ಎಂಬ ಅಂಕಣ ಸೇರಿಸಿ. ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಪಂಪ್ಡ್ ಸ್ಟೋರೇಜನ್ನೂ ಸೇರಿಸಿ: ಅದು ಪಡೆದ ವಿದ್ಯುತ್ತಿನಲ್ಲಿ ಶೇ. 75ರಿಂದ 80ನ್ನು ಮಾತ್ರ ಹಿಂದಿರುಗಿಸುತ್ತದೆ, ಅಂದರೆ ಶುದ್ಧ ನಷ್ಟದ ಸ್ಥಾವರ. ಆದರೂ ಶರಾವತಿ ಕಣಿವೆಯಲ್ಲಿ ಅಂಥದ್ದೇ 2,000 ಮೆಗಾವ್ಯಾಟ್ ಯೋಜನೆಯ ಪ್ರಸ್ತಾವವಿದೆ. ಅದಕ್ಕೆ ಎದ್ದಿರುವ ವಿರೋಧ ಸಿಂಗಳೀಕಗಳ ಅಭಯಾರಣ್ಯದ ಕಾರಣಕ್ಕೇ ಹೊರತು ದಕ್ಷತೆಯ ಕಾರಣಕ್ಕಲ್ಲ.