ಅಪ್‌ಡೇಟ್: ಆರ್ಗನ್ ಸದ್ದಿನ ಕಲಸುಮೇಲೋಗರ ಬಗೆಹರಿಯಿತು
ಸ್ಟೇಜ್ ಕೀಬೋರ್ಡ್‌ನಲ್ಲಿ ಆರ್ಗನ್ ಇಟ್ಟರೆ ಬ್ಯಾಂಡ್ ಮಧ್ಯೆ ಎಲ್ಲ ಕಲಸಿದ ಹಾಗೆ ಕೇಳುತ್ತದೆ, ಯಾಕೆ ಅಂತ ಕೇಳಿದ್ದೆನಲ್ಲ? ತಪ್ಪು ನನ್ನದೇ. ಪಿಯಾನೋ ಅಭ್ಯಾಸ, ಕಾಲು ಸದಾ ಸಸ್ಟೇನ್ ಪೆಡಲ್ (ಬೆರಳು ಎತ್ತಿದರೂ ಸ್ವರ ಹಿಡಿದಿಡುವ ಪೆಡಲ್) ಮೇಲೆ. ಆರ್ಗನ್ ಸ್ವರ ಬೆರಳು ಎತ್ತುವವರೆಗೂ ತಗ್ಗುವುದಿಲ್ಲ. ಪೆಡಲ್ ಒತ್ತಿದರೆ ಎಲ್ಲ ಸೇರಿ ಚಿತ್ರಾನ್ನ. ಅದನ್ನು ಬಿಚ್ಚಿಟ್ಟೆ. ಕೀ ಎಷ್ಟು ಗುದ್ದಿದರೂ ಸದ್ದು ಅಷ್ಟೇ ಅಲ್ವಾ, ಹಾಗಾಗಿ ಏರಿಳಿತಕ್ಕೆ ಎಕ್ಸ್‌ಪ್ರೆಷನ್ ಪೆಡಲ್ ಹಾಕಿದೆ.

9 ಡ್ರಾಬಾರ್‌ಗಳಲ್ಲಿ (ಆರ್ಗನ್ ಸದ್ದಿನ ಪದರಗಳನ್ನು ಹೆಚ್ಚುಕಮ್ಮಿ ಮಾಡುವ ಎಳೆಪಟ್ಟಿಗಳು) ಮೊದಲ 3 ಪೂರ್ತಿ ಎಳೆದಿದ್ದೇನೆ. ಬಾಸ್ ಗಿಟಾರ್ ಇದ್ದರೆ 16 ಅಡಿಯದ್ದನ್ನು (ಎಲ್ಲಕ್ಕಿಂತ ತಗ್ಗು ಸ್ವರದ್ದು) ಸ್ವಲ್ಪ ಒಳಗೆ ತಳ್ಳುತ್ತೇನೆ. ರೋಟರಿ (ತಿರುಗುವ ಸ್ಪೀಕರ್‌ನಂತೆ ಸದ್ದು ಅಲೆಯಾಡಿಸುವ ಎಫೆಕ್ಟ್) ನಿಧಾನವೇ, ಹಾಡು ಏರುವಾಗ ಮಾತ್ರ ವೇಗ. ಮೊದಲು ಸುಮ್ನೆ ಯಾವಾಗಲೂ ವೇಗವಾಗಿ ತಿರುಗಿಸುತ್ತಿದ್ದೆ!

ಮೊನ್ನೆ ತೀರ್ಥಹಳ್ಳಿಯಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದರೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಿಸಿತು. ಡ್ರಮ್ಮರ್ ಮಾತ್ರ ಇನ್ನೂ ಜಾಸ್ತಿ ಬೇಕಂತೆ.