ಸಿಪಿಯು ಖಾಲಿ, ಮೆಮೊರಿ ಇದೆ, ಆದರೂ ಸರ್ವಿಸ್ ನಿಂತುಹೋಗುತ್ತದೆ: ಡೀಬಗ್ ಲಾಗ್‌ನಲ್ಲಿ ಏನು ಹುಡುಕಬೇಕು?

ರಾತ್ರಿಪಾಳಿ:
ಜಾವಾದಲ್ಲಿ ಬರೆದ ಆರ್ಡರ್ ಸರ್ವಿಸ್, ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಲೋಡ್ ಕಮ್ಮಿ ಇದ್ದಾಗ ಚೆನ್ನಾಗಿ ಓಡುತ್ತದೆ, ಜಾಸ್ತಿ ಆದ ಕೂಡಲೇ ರಿಕ್ವೆಸ್ಟ್‌ಗಳು ಒಂದೊಂದಾಗಿ ಸಿಕ್ಕಿಹಾಕಿಕೊಂಡು ಎರರ್ ಕೊಡುತ್ತವೆ. ಸಿಪಿಯು ಶೇ. 20 ದಾಟುವುದಿಲ್ಲ, ಮೆಮೊರಿ ಬೇಕಾದಷ್ಟು ಉಳಿದಿರುತ್ತದೆ. ಆಗಾಗ 'ಟೂ ಮೆನಿ ಓಪನ್ ಫೈಲ್ಸ್' ಅಂತಲೂ ಬರುತ್ತದೆ. ಡೀಬಗ್ ಲಾಗ್ (ಪ್ರತಿ ಹೆಜ್ಜೆಯನ್ನೂ ವಿವರವಾಗಿ ಬರೆಯೋ ಲಾಗ್) ಆನ್ ಮಾಡಿದೆವು, ಗಿಗಾಬೈಟ್‌ಗಟ್ಟಲೆ ಬಂತು. ಗ್ರೆಪ್ (ಪದ ಹುಡುಕೋ ಕಮಾಂಡ್) ಹಾಕಿ 'ಎರರ್' ಹುಡುಕಿದರೆ ಸಿಗೋದೆಲ್ಲ ಟೈಮ್‌ಔಟ್, ಕಾರಣ ಎಲ್ಲೂ ಕಾಣುವುದಿಲ್ಲ. ಮ್ಯಾನೇಜರ್ ಆಗಲೇ ದೊಡ್ಡ ಮೆಷಿನ್ ತಗೊಳ್ಳೋಣ ಅಂತಿದ್ದಾರೆ. ಇಷ್ಟು ಲಾಗ್ ಓದೋಕೆ ಎಲ್ಲಿಂದ ಶುರು ಮಾಡಬೇಕು?

ಹಳೇಸರ್ವರ್:
ದೊಡ್ಡ ಮೆಷಿನ್ ಮಾತು ಸದ್ಯಕ್ಕೆ ಬಿಡಿ. ಸಿಪಿಯು ಸುಮ್ನೆ ಕೂತಿದೆ ಅಂದರೆ ನಿಮ್ಮ ಕೋಡ್ ಯಾವುದಕ್ಕೋ ಕಾಯುತ್ತಿದೆ. ಎರರ್ ಹುಡುಕಬೇಡಿ, ಅದು ಬರೋ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ. ನಿಧಾನವಾದ ಒಂದೇ ಒಂದು ರಿಕ್ವೆಸ್ಟ್ ಹಿಡಿದುಕೊಳ್ಳಿ, ಅದರ ಐಡಿ (ಇಲ್ಲದಿದ್ದರೆ ಅದನ್ನು ನಡೆಸುತ್ತಿರುವ ಥ್ರೆಡ್‌ನ ಹೆಸರು) ಇರುವ ಸಾಲುಗಳನ್ನಷ್ಟೇ ಬೇರೆ ಫೈಲಿಗೆ ತೆಗೆಯಿರಿ, ಆಮೇಲೆ ಸಾಲಿನಲ್ಲಿ ಏನು ಬರೆದಿದೆ ಅನ್ನೋದಕ್ಕಿಂತ ಒಂದು ಸಾಲಿಗೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಹೋಗಿದೆ ನೋಡಿ. ಚಿಕ್ಕ ಸ್ಕ್ರಿಪ್ಟ್ ಸಾಕು: ಹಿಂದಿನ ಸಮಯ ಕಳೆದು, 1 ಸೆಕೆಂಡಿಗಿಂತ ಜಾಸ್ತಿ ಬಂದರೆ ತೋರಿಸು. ಆ ಗ್ಯಾಪ್ ಸರಿಯಾಗಿ 5, 30, 60 ಸೆಕೆಂಡ್ ಅಂತ ಇದ್ದರೆ ಅದು ಯಾರೋ ಇಟ್ಟ ಟೈಮ್‌ಔಟ್. ನಿಜವಾದ ಕೆಲಸಕ್ಕೆ ಹಿಡಿಯೋ ಸಮಯ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ.

ರಾತ್ರಿಪಾಳಿ:
ಸಿಕ್ಕಿತು, ನೋಡಿ:

14:07:22.318 ಆರ್ಡರ್ ಸೇವ್ ಶುರು
14:07:52.321 ಕನೆಕ್ಷನ್ ಸಿಗಲಿಲ್ಲ, 30000 ಮಿಲಿಸೆಕೆಂಡ್ ಕಾದು ಟೈಮ್‌ಔಟ್

ನಡುವೆ ಈ ಥ್ರೆಡ್‌ನದು ಒಂದು ಸಾಲೂ ಇಲ್ಲ. ಅದೇ ಹೊತ್ತಿಗೆ ಹಿಕಾರಿ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚೋ ಲೈಬ್ರರಿ) ಬರೆದ ಡೀಬಗ್ ಸಾಲು: ಟೋಟಲ್ 10, ಆಕ್ಟಿವ್ 10, ಐಡಲ್ 0, ವೇಟಿಂಗ್ 47. ಹಾಗಾದರೆ ಪೂಲ್ ಸೈಜ್ 200 ಮಾಡಿದರೆ ಆಯ್ತು, ಅಲ್ವಾ?

ಕ್ವೆರಿಮಾಸ್ತರ್:
ದಯವಿಟ್ಟು ಬೇಡ. 10 ಕನೆಕ್ಷನ್, 30 ಸೆಕೆಂಡ್ ಎರಡೂ ಹಿಕಾರಿಯ ಡೀಫಾಲ್ಟ್, ಯಾರೂ ಮುಟ್ಟಿಲ್ಲ ಅಂತ ಅರ್ಥ. ಪೋಸ್ಟ್‌ಗ್ರೆಸ್ ಡೀಫಾಲ್ಟ್‌ನಲ್ಲಿ ಒಟ್ಟು 100 ಕನೆಕ್ಷನ್ ಮಾತ್ರ ಕೊಡುತ್ತದೆ, ನೀವು 200 ಕೇಳಿದರೆ ಅದೇ ಬರಬೇಡಿ ಅನ್ನುತ್ತದೆ, ಸರ್ವಿಸ್‌ನ ನಾಲ್ಕು ಕಾಪಿ ಓಡುತ್ತಿದ್ದರಂತೂ ಕೇಳೋದೇ ಬೇಡ. ಆ ಹತ್ತು ಕನೆಕ್ಷನ್ ಯಾರ ಕೈಯಲ್ಲಿವೆ ಅಂತ ಮೊದಲು ನೋಡಿ. ಪ್ರತಿ ಕನೆಕ್ಷನ್ ಏನು ಮಾಡುತ್ತಿದೆ ಅಂತ ತೋರಿಸೋ ಪೋಸ್ಟ್‌ಗ್ರೆಸ್‌ನ ಸ್ಟ್ಯಾಟ್ ಆಕ್ಟಿವಿಟಿ ವ್ಯೂನಲ್ಲಿ 'ಆಕ್ಟಿವ್' ಅಂತಿದ್ದರೆ ಕ್ವೆರಿ ನಿಧಾನ ಇದೆ ಅಥವಾ ಲಾಕ್‌ಗೆ ಕಾಯುತ್ತಿದೆ. 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತಿದ್ದರೆ ಡೇಟಾಬೇಸ್ ಪಾಪ ಏನೂ ಮಾಡಿಲ್ಲ, ನಿಮ್ಮ ಕೋಡ್ ಟ್ರಾನ್ಸಾಕ್ಷನ್ (ಪೂರ್ತಿ ಉಳಿಯೋ ಇಲ್ಲವೇ ಪೂರ್ತಿ ರದ್ದಾಗೋ ಡೇಟಾಬೇಸ್ ಕೆಲಸ) ತೆರೆದಿಟ್ಟು ಬೇರೆಲ್ಲೋ ಹೋಗಿ ಕೂತಿದೆ. ಹಿಕಾರಿಯಲ್ಲಿ ಲೀಕ್ ಡಿಟೆಕ್ಷನ್ 5 ಸೆಕೆಂಡಿಗೆ ಇಡಿ, ಅಷ್ಟು ಹೊತ್ತಾದರೂ ವಾಪಸ್ ಬಾರದ ಕನೆಕ್ಷನ್ ಎಲ್ಲಿ ತಗೊಂಡಿದ್ದು ಅಂತ ಸ್ಟ್ಯಾಕ್ ಟ್ರೇಸ್ (ಯಾವ ಯಾವ ಮೆಥಡ್ ದಾಟಿ ಅಲ್ಲಿಗೆ ಬಂತು ಅನ್ನೋ ಪಟ್ಟಿ) ಸಮೇತ ಲಾಗ್‌ಗೆ ಹಾಕುತ್ತದೆ.

ರಾತ್ರಿಪಾಳಿ:
ಹತ್ತಕ್ಕೆ ಹತ್ತೂ 'ಐಡಲ್ ಇನ್ ಟ್ರಾನ್ಸಾಕ್ಷನ್'. ಟ್ರೇಸ್ ಹಿಡಿದು ಹೋದರೆ ಸೇವ್ ಮೆಥಡ್‌ನ ಟ್ರಾನ್ಸಾಕ್ಷನ್ ಒಳಗೇ ಹೊರಗಿನ ಪೇಮೆಂಟ್ ಎಪಿಐಗೆ ಒಂದು ಕಾಲ್ ಇದೆ, ಅದಕ್ಕೆ ಟೈಮ್‌ಔಟೇ ಇಟ್ಟಿಲ್ಲ! ಅದನ್ನು ಹೊರಗೆ ತರುತ್ತಿದ್ದೇವೆ. ಓಪನ್ ಫೈಲ್ಸ್ ಎರರ್ ಮಾತ್ರ ಅರ್ಥವಾಗುತ್ತಿಲ್ಲ, ಎಷ್ಟು ಫೈಲ್ ತೆರೆಯಬಹುದು ಅಂತ ಯುಲಿಮಿಟ್ ಕಮಾಂಡ್‌ನಲ್ಲಿ ಕೇಳಿದರೆ 65535 ತೋರಿಸುತ್ತದೆ.

ಫೈಲ್‌ಹುಳ:
ಅದು ನಿಮ್ಮ ಶೆಲ್‌ನ ಲಿಮಿಟ್, ಸರ್ವಿಸ್‌ದಲ್ಲ. ಪ್ರೊಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್ ನಂಬರಿನ ಒಳಗೆ ಲಿಮಿಟ್ಸ್ ಅನ್ನೋ ಫೈಲ್ ಇದೆ, ನಿಜ ಅಲ್ಲಿರುತ್ತದೆ. ಹಳೇ ಲಿನಕ್ಸ್‌ಗಳಲ್ಲಿ 4096 ಇರೋದು ಸಾಮಾನ್ಯ. ಲಿಮಿಟ್ಸ್ ಕಾನ್ಫ್ ಫೈಲ್ ತಿದ್ದಿದರೆ ಲಾಗಿನ್ ಆದವರಿಗೆ ಅನ್ವಯಿಸುತ್ತದೆ, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸೋ ಪ್ರೋಗ್ರಾಮ್) ಶುರು ಮಾಡೋ ಸರ್ವಿಸ್‌ಗೆ ಅದರ ಯುನಿಟ್ ಫೈಲ್‌ನಲ್ಲೇ ಹೇಳಬೇಕು.

ಆದರೆ ಲಿಮಿಟ್ ಏರಿಸೋ ಮುಂಚೆ ಪಕ್ಕದ ಎಫ್‌ಡಿ ಡೈರೆಕ್ಟರಿಯಲ್ಲಿ (ತೆರೆದ ಪ್ರತಿ ಫೈಲ್‌ಗೂ, ಸಾಕೆಟ್ ಅಂದರೆ ನೆಟ್‌ವರ್ಕ್ ಕನೆಕ್ಷನ್‌ಗೂ ಅಲ್ಲೊಂದು ಎಂಟ್ರಿ) ಎಷ್ಟು ಎಂಟ್ರಿ ಇವೆ ಅಂತ ಆಗಾಗ ಎಣಿಸಿ. ಲೋಡ್ ಇಳಿದಾಗ ಅದೂ ಇಳಿದರೆ ಲಿಮಿಟ್ ಸಾಲದು. ಇಳಿಯದೇ ಏರುತ್ತಲೇ ಹೋದರೆ ಲೀಕ್, ಲಿಮಿಟ್ ಎಷ್ಟಿಟ್ಟರೂ ಒಂದಲ್ಲ ಒಂದು ದಿನ ಮುಟ್ಟುತ್ತದೆ. ಸಾಕೆಟ್‌ಗಳಲ್ಲಿ 'ಕ್ಲೋಸ್ ವೇಟ್' ಜಾಸ್ತಿ ಇವೆಯಾ ನೋಡಿ. ಆ ಕಡೆಯವರು ಮುಚ್ಚಿದ್ದಾರೆ, ನಮ್ಮ ಕೋಡ್ ಇನ್ನೂ ಮುಚ್ಚಿಲ್ಲ ಅಂತ ಅದರರ್ಥ. ನನಗೆ ಅನುಮಾನ ಅದೇ ಪೇಮೆಂಟ್ ಕಾಲ್ ಮೇಲೆ.

ಹಳೇಸರ್ವರ್:
ಇನ್ನೊಂದು. ಡೀಬಗ್ ಎಲ್ಲದಕ್ಕೂ ಆನ್ ಇಟ್ಟು ಅಳೆಯಬೇಡಿ, ಹಿಕಾರಿ ಪ್ಯಾಕೇಜ್‌ಗೆ ಮಾತ್ರ ಇಡಿ. ಜಾವಾದ ಲಾಗ್ ಲೈಬ್ರರಿ ಲಾಗ್‌ಬ್ಯಾಕ್‌ನ ಸಾದಾ ಫೈಲ್ ಅಪೆಂಡರ್‌ನಲ್ಲಿ (ಲಾಗನ್ನು ಫೈಲಿಗೆ ಬರೆಯೋ ಭಾಗ) ಬರೆಯೋ ಥ್ರೆಡ್ಡೇ ಲಾಕ್ ಹಿಡಿದು ಬರೆಯಬೇಕು, ಗಿಗಾಬೈಟ್‌ಗಟ್ಟಲೆ ಬರೆಯುವಾಗ ಲಾಗೇ ಒಂದು ಬಾಟಲ್‌ನೆಕ್. ಪೇಮೆಂಟ್‌ನವರ ಲಾಗ್ ಜೊತೆ ಹೋಲಿಸೋದಾದರೆ ಎರಡೂ ಕಡೆ ಗಡಿಯಾರ ಒಂದೇ ಇದೆಯಾ ಅಂತಲೂ ನೋಡಿ, ಅರ್ಧ ಸೆಕೆಂಡ್ ವ್ಯತ್ಯಾಸ ಇದ್ದರೂ ರಿಕ್ವೆಸ್ಟ್‌ಗಿಂತ ಮುಂಚೆ ಉತ್ತರ ಬಂದಂತೆ ಕಾಣುತ್ತದೆ.

ರಾತ್ರಿಪಾಳಿ:
ಫೈಲ್‌ಹುಳ ಹೇಳಿದ್ದೇ ಸರಿ. ಕ್ಲೋಸ್ ವೇಟ್ ಸಾಕೆಟ್‌ಗಳು ಸಾಲಾಗಿ ನಿಂತಿವೆ, ಎಲ್ಲವೂ ಅದೇ ಐಪಿ. ಸ್ಟೇಟಸ್ 200 ಬರದಿದ್ದರೆ ರೆಸ್ಪಾನ್ಸ್ ಮುಚ್ಚದೇ ಎಕ್ಸೆಪ್ಶನ್ ಎಸೆದು ಹೊರಬರುತ್ತದೆ ಆ ಕೋಡ್. ಟ್ರೈ ವಿತ್ ರಿಸೋರ್ಸಸ್ (ಎಕ್ಸೆಪ್ಶನ್ ಬಂದರೂ ತಾನಾಗೇ ಮುಚ್ಚೋ ಜಾವಾ ವ್ಯವಸ್ಥೆ) ಹಾಕಿ, 3 ಸೆಕೆಂಡ್ ಟೈಮ್‌ಔಟ್ ಇಟ್ಟು ಲೋಡ್ ಟೆಸ್ಟ್‌ಗೆ ಬಿಟ್ಟಿದ್ದೇವೆ. ಪೂಲ್ 10ರಲ್ಲೇ ಇದೆ, ವೇಟಿಂಗ್ ಎಷ್ಟು ಬರುತ್ತದೆ ಅಂತ ಇಲ್ಲೇ ಹಾಕುತ್ತೇನೆ.