ಅಪ್‌ಡೇಟ್: ಸಿಗರೇಟು ಬಿಟ್ಟು ನಾಲ್ಕು ತಿಂಗಳಾಯಿತು, ತೂಕದ ಕಥೆ ಹೀಗಿದೆ

ಸಿಗರೇಟು ಬಿಟ್ಟರೆ ಮೈ ಬರುತ್ತದಂತೆ, ತಡೆಯುವುದು ಹೇಗೆ ಎಂದು ನಿಮ್ಮನ್ನೆಲ್ಲ ಕೇಳಿದ್ದೆ. ಇಂದಿಗೆ 121 ದಿನ, ಒಂದನ್ನೂ ಸೇದಿಲ್ಲ. ತೂಕ 78 ಕಿಲೋ ಇದ್ದದ್ದು 80 ಆಗಿದೆ.

ಮೊದಲ ಮೂರು ವಾರ ನಿಜಕ್ಕೂ ಕಷ್ಟವಾಯಿತು. ನಿಕೋಟಿನ್ ಹಸಿವನ್ನು ಅದುಮಿಡುತ್ತದೆ, ದೇಹ ಕ್ಯಾಲೊರಿ ಸುಡುವ ವೇಗವನ್ನೂ ತುಸು ಹೆಚ್ಚಿಸುತ್ತದೆ. ಬಿಟ್ಟೊಡನೆ ಎರಡೂ ತಿರುಗಿಬೀಳುತ್ತವೆ. ಸತ್ತಿದ್ದ ನಾಲಿಗೆಗೆ ರುಚಿಯೂ ಮರಳಿತು. ಗಾಂಧಿ ಬಜಾರಿನ ಬೇಕರಿಯ ಮುಂದೆ ದಿಲ್‌ಪಸಂದಿನ ಘಮಕ್ಕೆ ಕಾಲು ತಾನಾಗಿ ನಿಲ್ಲುತ್ತಿತ್ತು.

ಹನ್ನೊಂದರ ಕಾಫಿಯ ಹೊತ್ತಿಗೆ ಕೈ ಜೇಬಿಗೆ ಹೋಗುತ್ತಿತ್ತು. ಹೆಂಡತಿ ಸೌತೆಕಾಯಿಯನ್ನು ಬೆರಳುದ್ದ ಹೆಚ್ಚಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಡಬ್ಬಿಗೆ ತುಂಬಿ ಕೊಟ್ಟಳು. ಬೆರಳಿಗೂ ಬಾಯಿಗೂ ಕೆಲಸ ಸಿಕ್ಕಿತು. ನನ್ನನ್ನು ಉಳಿಸಿದ್ದು ಆ ಡಬ್ಬಿಯೇ. ನಿಕೋಟಿನ್ ಗಮ್ ಬಳಸುವವರು ಕಾಫಿ ಕುಡಿದು ಕಾಲು ಗಂಟೆ ಬಿಟ್ಟು ಅಗಿಯಿರಿ, ಇಲ್ಲದಿದ್ದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ.

ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ನಡೆಯುತ್ತೇನೆ. ಮೊದಲು ಅಲ್ಲಿನ ಬಂಡೆ ಹತ್ತುವಾಗ ಎರಡು ಕಡೆ ನಿಲ್ಲಬೇಕಿತ್ತು, ಈಗ ನಿಲ್ಲದೆ ಹತ್ತುತ್ತೇನೆ.

ಊಟ ಬಿಡಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಾರೆ. ಹಸಿದ ದಿನವೇ ಸೇದುವ ಹಂಬಲ ಹೆಚ್ಚಾಗಿತ್ತು. ಎರಡು ಕಿಲೋ ಇರಲಿ, ನಿಧಾನವಾಗಿ ಇಳಿಸುತ್ತೇನೆ. ಒಬ್ಬರೇ ಹೆಣಗುತ್ತಿರುವವರು 1800-11-2356 ಉಚಿತ ಸಹಾಯವಾಣಿಗೆ ಕರೆ ಮಾಡಿ.